ಹೊರ ಊರಿನ ಪೂಲ್ ಟೂರ್ನಿ ಮತ್ತು ಪ್ರಯಾಣದ ಖರ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ತಮ್ಮ ಕ್ಲಬ್ಬಿನಲ್ಲಿ ಪೂಲ್ (ಟೇಬಲ್ ಮೇಲೆ ಕೋಲಿನಿಂದ ಬಾಲ್ ಹೊಡೆದು ಕುಳಿಗೆ ಕೆಡವುವ ಆಟ) ಚೆನ್ನಾಗಿ ಆಡುವವರಿಗೆ ಒಂದಲ್ಲ ಒಂದು ದಿನ ಹೊರ ಊರಿನ ಟೂರ್ನಿಗೆ ಹೋಗಬೇಕು ಅನಿಸುತ್ತದೆ. ಹೋಗಲೇಬೇಕು. ಟೇಬಲ್ ಮೇಲೆ ಪರಿಚಯವಿಲ್ಲದ ಬಟ್ಟೆ, ಅದರ ಅಂಚಿಗೆ ಪರಿಚಯವಿಲ್ಲದ ಕುಶನ್, ಹೆಸರೂ ಗೊತ್ತಿಲ್ಲದ ಎದುರಾಳಿ ಇದ್ದಾಗ ಆಟ ಬೆಳೆಯುವ ಹಾಗೆ ಮನೆ ಟೇಬಲ್ ಮೇಲೆ ಬೆಳೆಯುವುದಿಲ್ಲ. ಆದರೆ ಆಟ ಸಾಲದೆ ಹಿಂದೆ ಸರಿದವರಿಗಿಂತ ದುಡ್ಡಿನ ಲೆಕ್ಕ ತಪ್ಪಿ ಹಿಂದೆ ಸರಿದವರನ್ನೇ ನಾನು ಹೆಚ್ಚು ನೋಡಿದ್ದೇನೆ. ಒಂದೆರಡು ಟೂರ್ನಿಗೆ ಹೋಗಿ, ಕೈ ಸುಟ್ಟುಕೊಂಡು, ಮತ್ತೆ ಆ ಮಾತೇ ಎತ್ತದ ಒಳ್ಳೊಳ್ಳೆ ಆಟಗಾರರಿದ್ದಾರೆ. ಅಂಥವರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಎಲ್ಲೂ ರೂಪಾಯಿ, ಡಾಲರ್ ಎಂದು ಬರೆದಿಲ್ಲ. ಎಂಟ್ರಿ ಫೀಯನ್ನೇ ಒಂದು ಪಾಲು ಎಂದು ಹಿಡಿದು ಲೆಕ್ಕ ಹಾಕಿದ್ದೇನೆ. ನಿಮ್ಮ ಅಂಕಿಗಳನ್ನು ಆ ಜಾಗದಲ್ಲಿ ಕೂರಿಸಿಕೊಳ್ಳಿ.

ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಟೂರ್ನಿಯ ಪ್ರಕಟಣೆಯಿಂದ. ಹೆಚ್ಚಿನವರು ಮೊದಲು ಟಿಕೆಟ್ ದರ ನೋಡುತ್ತಾರೆ, ಅಲ್ಲೇ ಎಡವುತ್ತಾರೆ. ಪ್ರಕಟಣೆಯಲ್ಲಿ ಎಷ್ಟು ಜನ ಆಡುತ್ತಾರೆ, ಒಂದು ಸೋಲಿಗೇ ಹೊರಗೋ ಎರಡು ಸೋಲಿಗೋ, ರೇಸ್ ಎಷ್ಟಕ್ಕೆ (ಮ್ಯಾಚ್ ಗೆಲ್ಲಲು ಎಷ್ಟು ಗೇಮ್ ಗೆಲ್ಲಬೇಕು), ಎಷ್ಟು ಟೇಬಲ್ ಹಾಕಿದ್ದಾರೆ, ಆಟಗಾರರ ಸಭೆ ಎಷ್ಟು ಹೊತ್ತಿಗೆ, ಫೈನಲ್ ಯಾವ ದಿನ ಅನ್ನುವುದೆಲ್ಲ ಇರುತ್ತದೆ. ಈ ಆರು ವಿಷಯ ಕೈಗೆ ಸಿಕ್ಕರೆ ಎಷ್ಟು ದಿನ ಹೊರಗಿರಬೇಕು ಅನ್ನುವುದು ಗೊತ್ತಾಗುತ್ತದೆ. ದಿನ ಗೊತ್ತಾದರೆ ರೂಮು, ಊಟ, ರಜೆ, ಟಿಕೆಟ್ ಎಲ್ಲ ಅದರ ಹಿಂದೆ ಬರುತ್ತವೆ. ಪ್ರಕಟಣೆಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಆಯೋಜಕರಿಗೆ ಫೋನ್ ಮಾಡಿ ಕೇಳಿ. ಟೇಬಲ್ ಎಷ್ಟು ಎಂದು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಎಷ್ಟು ರಾತ್ರಿ ಉಳಿಯಬೇಕಾಗುತ್ತದೆ ಎಂದು ಮೊದಲೇ ಹೇಗೆ ತಿಳಿಯುವುದು?

ಖಚಿತವಾಗಿ ತಿಳಿಯುವುದಿಲ್ಲ. ಪೂಲ್ ಪ್ರಯಾಣದ ಬಜೆಟ್ ಬೇರೆ ಪ್ರವಾಸದ ಬಜೆಟ್‌ಗಿಂತ ಕಷ್ಟವಾಗುವುದು ಇದೇ ಕಾರಣಕ್ಕೆ. ಮದುವೆಗೆ ಹೋದರೆ ವಾಪಸ್ ಬರುವ ದಿನ ಗೊತ್ತಿರುತ್ತದೆ. ಇಲ್ಲಿ ಆ ದಿನವನ್ನು ಬ್ರ್ಯಾಕೆಟ್, ಅಂದರೆ ಯಾರು ಯಾರ ಎದುರು ಆಡುತ್ತಾರೆ ಎನ್ನುವ ಪಟ್ಟಿ, ತೀರ್ಮಾನಿಸುತ್ತದೆ. ಆದರೂ ಮಿತಿಗಳನ್ನು ಕಂಡುಹಿಡಿಯಬಹುದು.

64 ಜನರ ಡಬಲ್ ಎಲಿಮಿನೇಷನ್, ಅಂದರೆ ಎರಡು ಸೋಲಿಗೆ ಹೊರಬೀಳುವ ಟೂರ್ನಿ, ಅಂದುಕೊಳ್ಳಿ. ಒಟ್ಟು 126 ಇಲ್ಲವೇ 127 ಮ್ಯಾಚ್. ಒಂದೂ ಸೋಲದೆ ಗೆದ್ದರೆ ನೀವು ಆಡುವುದು 7 ಮ್ಯಾಚ್. ಮೊದಲ ಮ್ಯಾಚೇ ಸೋತು, ಸೋತವರ ಕಡೆಯಿಂದ (ಒಮ್ಮೆ ಸೋತವರು ತಮ್ಮತಮ್ಮಲ್ಲೇ ಆಡುವ ಸುತ್ತುಗಳಿಂದ) ಏರುತ್ತ ಫೈನಲ್ ಮುಟ್ಟಿದರೆ 12 ಅಥವಾ 13. ಎರಡೂ ಮೊದಲೇ ಸೋತರೆ ಬರೀ 2. ಅಂದರೆ ಒಂದೇ ಎಂಟ್ರಿಗೆ 2 ಮ್ಯಾಚೂ ಆಗಬಹುದು, 13 ಮ್ಯಾಚೂ ಆಗಬಹುದು.

ಇನ್ನು ಸಮಯ. ನೈನ್ ಬಾಲ್ ಎನ್ನುವ ಬಗೆಯ ಪೂಲ್‌ನಲ್ಲಿ 7ರ ರೇಸ್‌ಗೆ ಸರಾಸರಿ ಒಂದೂಕಾಲು ಗಂಟೆ ಹಿಡಿಯಿರಿ. 16 ಟೇಬಲ್ ಇದ್ದರೆ ಒಂದೇ ದಿನದಲ್ಲಿ ಮುಗಿಯಬೇಕಲ್ಲ ಎಂದು ಭಾಗಾಕಾರ ಮಾಡಿ ಹೇಳುವವರಿದ್ದಾರೆ. ಆದರೆ ಕೊನೆಕೊನೆಯ ಸುತ್ತುಗಳಲ್ಲಿ ಟೇಬಲ್ ಖಾಲಿ ಬಿದ್ದಿರುತ್ತವೆ, ಆಡಬೇಕಾದವರು ಇನ್ನೊಂದು ಮ್ಯಾಚ್ ಮುಗಿಯಲಿ ಎಂದು ಕಾಯುತ್ತ ಕೂತಿರುತ್ತಾರೆ. ಸೋತವರ ಕಡೆಯ 10 ಸುತ್ತು ಒಂದರ ಹಿಂದೆ ಒಂದು ನಡೆಯಲೇಬೇಕು. ಅದರ ಹಿಂದೆ ಮೊದಲ ಸುತ್ತು, ಮುಂದೆ ಫೈನಲ್. ಹನ್ನೆರಡು ಸುತ್ತಿಗೆ ಒಂದೂಕಾಲು ಗಂಟೆಯಂತೆ ಹದಿನೈದು ಗಂಟೆ ಆಯಿತು. ಮೊದಲ ಸುತ್ತಿನ 32 ಮ್ಯಾಚ್ 16 ಟೇಬಲ್ ಮೇಲೆ ಎರಡು ಸರದಿ ಬೇಡುತ್ತದೆ, ಅದು ಬೇರೆ. ಆಯೋಜಕರು ಎಷ್ಟೇ ಚುರುಕಾಗಿದ್ದರೂ ಇಂಥ ಟೂರ್ನಿ ಎರಡು ದಿನ ಹಿಡಿಯುತ್ತದೆ, ಮೊದಲ ದಿನ ನಡುರಾತ್ರಿ ದಾಟುತ್ತದೆ.

ಮ್ಯಾಚ್‌ರೂಮ್ ಕಂಪನಿ ನಡೆಸುವ 256 ಜನರ ಯುಎಸ್ ಓಪನ್‌ನಂಥ ದೊಡ್ಡ ಟೂರ್ನಿಗಳಲ್ಲಿ ಮೊದಲ ಹಂತ ಡಬಲ್ ಎಲಿಮಿನೇಷನ್, ಆಮೇಲಿನದು ಒಂದೇ ಸೋಲಿನದು. ಅಲ್ಲಿ ಆ ಎರಡನೆಯ ಹಂತ ಶುರುವಾಗುವ ದಿನವನ್ನು ಗುರುತು ಹಾಕಿಕೊಳ್ಳಿ. ಅಲ್ಲಿಂದ ಮುಂದಿನ ಪ್ರತಿ ರಾತ್ರಿಯನ್ನೂ ಒಂದೊಂದಾಗಿಯೇ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ ಎಷ್ಟು ದಿನಕ್ಕೆ ದುಡ್ಡು ಇಟ್ಟುಕೊಳ್ಳಬೇಕು?

ಎರಡು ಲೆಕ್ಕ ಬರೆಯಿರಿ. ಒಂದು, ಬೇಗ ಸೋತು ಹೊರಟರೆ ಆಗುವ ಖರ್ಚು. ಇನ್ನೊಂದು, ಕೊನೆಯ ದಿನದವರೆಗೆ ಇದ್ದರೆ ಆಗುವ ಖರ್ಚು. ಎರಡನೆಯ ಮೊತ್ತ ಕೈಯಲ್ಲಿ ಇಲ್ಲದಿದ್ದರೆ ಆ ಟೂರ್ನಿಗೆ ಹೋಗಬೇಡಿ. ಈ ಮಾತು ಕಠಿಣ ಅನಿಸಬಹುದು, ಆದರೆ ಇಲ್ಲಿ ನಾನು ಸಡಿಲ ಬಿಡಲಾರೆ. ಸೋತವರ ಕಡೆ ಆಡುತ್ತಿರುವವನೊಬ್ಬನನ್ನು ಗಮನಿಸಿ: ಎದುರಾಳಿ ರ‍್ಯಾಕ್ ಹಾಕುವಷ್ಟರಲ್ಲಿ, ಅಂದರೆ ಬಾಲ್‌ಗಳನ್ನು ಜೋಡಿಸುವಷ್ಟರಲ್ಲಿ, ಫೋನ್ ತೆಗೆದು ಕೊನೆಯ ಬಸ್ಸಿನ ಹೊತ್ತು ನೋಡುತ್ತಾನೆ, ಒಳಗಿಡುತ್ತಾನೆ, ಬ್ರೇಕ್ (ಗೇಮ್‌ನ ಮೊದಲ ಹೊಡೆತ) ಹೊಡೆದು ಮತ್ತೆ ತೆಗೆಯುತ್ತಾನೆ. ಗೆದ್ದರೆ ಬಸ್ಸು ತಪ್ಪುತ್ತದೆ, ರೂಮಿಗೆ ದುಡ್ಡಿಲ್ಲ. ಅವನು ಬಿಟ್ಟುಕೊಡುವ ಆ ಸುಲಭದ ಆರನೇ ಬಾಲ್‌ಗೆ ಕೈಯ ತಪ್ಪು ಕಾರಣವಲ್ಲ. ಗೆಲುವು ಹೊರೆಯಾಗುವ ಹಾಗೆ ಯೋಜನೆ ಮಾಡಿಕೊಂಡು ಟೇಬಲ್ ಮುಂದೆ ನಿಲ್ಲಬಾರದು.

ಬಹುಮಾನದಿಂದ ಖರ್ಚು ತೂಗಿಸಬಹುದೆ?

ಬಜೆಟ್ ಬರೆಯುವಾಗ ಬಹುಮಾನದ ಜಾಗದಲ್ಲಿ ಸೊನ್ನೆ ಬರೆಯಿರಿ. ಕಾರಣ ತೋರಿಸುತ್ತೇನೆ.

ಅದೇ 64 ಜನ. ತಲಾ ಒಂದು ಪಾಲು ಎಂಟ್ರಿ ಫೀ, ಆಯೋಜಕರು ಮೇಲಿಂದ 16 ಪಾಲು ಸೇರಿಸಿದರು ಅಂದುಕೊಳ್ಳೋಣ. ಒಟ್ಟು 80 ಪಾಲು. ತಲೆಗೆ ಸರಾಸರಿ 1.25 ಪಾಲು ವಾಪಸ್. ನಿಮ್ಮ ಪ್ರಯಾಣ, ರೂಮು, ಊಟ ಎಲ್ಲ ಸೇರಿ 6 ಪಾಲು ಆಗಿ, ಎಂಟ್ರಿ ಸೇರಿದರೆ ಹೂಡಿಕೆ 7. ಈಗ ಹಂಚಿಕೆ ಹೀಗಿದೆ ಅನ್ನಿ: ಮೊದಲನೆಯವರಿಗೆ 22, ಎರಡನೆಯವರಿಗೆ 13, ಮೂರಕ್ಕೆ 9, ನಾಲ್ಕಕ್ಕೆ 7, ಐದು–ಆರಕ್ಕೆ ತಲಾ 4.5, ಏಳು–ಎಂಟಕ್ಕೆ ತಲಾ 3, ಒಂಬತ್ತರಿಂದ ಹನ್ನೆರಡಕ್ಕೆ ತಲಾ 2, ಹದಿಮೂರರಿಂದ ಹದಿನಾರಕ್ಕೆ ತಲಾ 1.5. ನಾಲ್ಕನೇ ಸ್ಥಾನ ಬಂದರೆ ಅಸಲು ವಾಪಸ್, ಅಷ್ಟೆ. ಐದನೆಯ ಸ್ಥಾನ ಬಂದವರು, ಅಂದರೆ 58 ಜನರಿಗಿಂತ ಚೆನ್ನಾಗಿ ಆಡಿದವರು, ಮನೆಗೆ ನಷ್ಟದಲ್ಲಿ ಹೋಗುತ್ತಾರೆ. ಬಹುಮಾನದ ಕಟ್ಟಕಡೆಯ ಸಾಲು ಮುಟ್ಟಲೂ ಕನಿಷ್ಠ ಮೂರು ಮ್ಯಾಚ್ ಗೆಲ್ಲಬೇಕು. ಮೊದಲ ಮ್ಯಾಚ್ ಸೋತಿದ್ದರೆ ನಾಲ್ಕು.

ಗೆಲ್ಲುವ ಸಾಧ್ಯತೆಯನ್ನೂ ಅಳೆಯಬಹುದು. ಆಟಗಾರರ ಬಲಕ್ಕೆ ಅಂಕ ಕೊಡುವ ಫಾರ್ಗೋ ರೇಟ್ ಪದ್ಧತಿ ಬಳಸುವ ಕಡೆ ಇಬ್ಬರ ನಡುವೆ 100 ಅಂಕದ ಅಂತರವಿದ್ದರೆ ಗೇಮ್‌ಗಳು ಸುಮಾರು 2ಕ್ಕೆ 1ರಂತೆ ಹೋಗುತ್ತವೆ ಎಂದು ಅರ್ಥ. ಒಂದೊಂದು ಗೇಮ್ ಗೆಲ್ಲುವ ಸಾಧ್ಯತೆ ಮೂರರಲ್ಲಿ ಒಂದು ಇದ್ದರೆ 7ರ ರೇಸ್ ಗೆಲ್ಲುವ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ರೇಸ್ ಉದ್ದವಾದಷ್ಟೂ ಅದು ಇನ್ನೂ ಕುಗ್ಗುತ್ತದೆ. ಕಳೆದ ಸಲದ ಆಟಗಾರರ ಪಟ್ಟಿ, ಅವರ ರೇಟಿಂಗ್ ಸಿಕ್ಕರೆ ನಿಮ್ಮ ಜಾಗ ಎಲ್ಲಿದೆ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಇದನ್ನೆಲ್ಲ ಹೇಳುತ್ತಿರುವುದು ಹೋಗಬೇಡಿ ಎನ್ನಲಿಕ್ಕಲ್ಲ. ಬಲವಾದ ಆಟಗಾರರ ಎದುರು ಆಡುವುದಕ್ಕೆ ಬೆಲೆ ಇದೆ, ಅದಕ್ಕೆ ದುಡ್ಡು ಖರ್ಚು ಮಾಡುವುದು ತಪ್ಪಲ್ಲ. ಆದರೆ ಅದನ್ನು ಕಲಿಕೆಯ ಖರ್ಚು ಎಂದೇ ಬರೆದಿಡಬೇಕು, ಆದಾಯದ ಆಸೆಯ ಕೆಳಗೆ ಬಚ್ಚಿಡಬಾರದು.

ಎಂಟ್ರಿ ಫೀ ಬಿಟ್ಟರೆ ಟೂರ್ನಿಯಲ್ಲೇ ಇನ್ನೇನು ಕೊಡಬೇಕಾಗುತ್ತದೆ?

ಹಲವು ಕಡೆ ಎಂಟ್ರಿ ಜೊತೆ ಗ್ರೀನ್ ಫೀ ಇರುತ್ತದೆ. ಅದು ಬಹುಮಾನಕ್ಕೆ ಸೇರುವುದಿಲ್ಲ, ಜಾಗದವರಿಗೆ ಅಥವಾ ಆಯೋಜಕರಿಗೆ ಹೋಗುತ್ತದೆ. ಪ್ರಾಕ್ಟೀಸ್ ಟೇಬಲ್‌ಗೆ ಗಂಟೆ ಲೆಕ್ಕದಲ್ಲಿ ಕೊಡಬೇಕಾಗಬಹುದು. ಸಂಘದ ಸದಸ್ಯತ್ವ ಕಡ್ಡಾಯವಿದ್ದರೆ ಅದೂ ಬಂತು. ವಸ್ತ್ರ ಸಂಹಿತೆ ಓದಿ: ಕಾಲರ್ ಇರುವ ಶರ್ಟು, ಕಪ್ಪು ಪ್ಯಾಂಟು, ಶೂ ಬೇಕು ಎಂದಿದ್ದರೆ ಮನೆಯಿಂದಲೇ ಒಯ್ಯಿರಿ. ಅಲ್ಲಿ ಹೋಗಿ ಅವಸರಕ್ಕೆ ಕೊಂಡರೆ ಎರಡು ಪಟ್ಟು ತೆರಬೇಕು.

ನಿಜವಾಗಿ ಬಜೆಟ್ ಒಡೆಯುವುದು ಸೋತ ಮೇಲಿನ ಖರ್ಚು. ಸೋತವರಿಗೆಂದೇ ಸೆಕೆಂಡ್ ಚಾನ್ಸ್ ಟೂರ್ನಿ, ರಾತ್ರಿಯ ಮಿನಿ ಟೂರ್ನಿ, ಬೈಬ್ಯಾಕ್ ಎಲ್ಲ ಇರುತ್ತವೆ. ಅಮೆರಿಕದಲ್ಲಿ ಜನವರಿಯಲ್ಲಿ ಒಂದು ವಾರಕ್ಕೂ ಮಿಕ್ಕಿ ನಡೆಯುವ ಡರ್ಬಿ ಸಿಟಿ ಕ್ಲಾಸಿಕ್‌ನಲ್ಲಿ ಬ್ಯಾಂಕ್ಸ್, ಒನ್ ಪಾಕೆಟ್, ನೈನ್ ಬಾಲ್ ಎಂಬ ಮೂರೂ ಬಗೆಯ ಪೂಲ್ ಇವೆ, ಸೋತವರು ಮತ್ತೆ ದುಡ್ಡು ಕಟ್ಟಿ ಒಳಬರುವ ಅವಕಾಶವೂ ಇದೆ. ಅಂಥ ಕಡೆ ಹೋಗುವವರು ಬೈಬ್ಯಾಕ್ ಮಾಡುತ್ತೀರೋ ಇಲ್ಲವೋ ಎಂದು ಮನೆಯಲ್ಲೇ ನಿರ್ಧರಿಸಿ, ಮಾಡುವುದಾದರೆ ಆ ಮೊತ್ತವನ್ನು ಮೊದಲ ದಿನದಿಂದಲೇ ಎಂಟ್ರಿ ಜೊತೆ ಸೇರಿಸಿ ಬರೆಯಿರಿ. ಸೋತು ಎದ್ದ ಹತ್ತು ನಿಮಿಷದಲ್ಲಿ ಮಾಡುವ ನಿರ್ಧಾರ ಎಂದೂ ಸರಿ ಇರುವುದಿಲ್ಲ.

ಕ್ಯಾಲ್ಕಟಾ ಎನ್ನುವ ಹರಾಜು ಕೆಲವು ಕಡೆ ನಡೆಯುತ್ತದೆ. ಆಟಗಾರರನ್ನು ಹರಾಜಿನಲ್ಲಿ ಕೊಂಡು, ಅವರು ಗೆದ್ದರೆ ಆ ಹಣದ ಪಾಲು ಪಡೆಯುವ ಪದ್ಧತಿ ಅದು. ನಿಮ್ಮನ್ನು ಕೊಂಡವರಿಂದ ಅರ್ಧ ಪಾಲು ನೀವೇ ಕೊಳ್ಳುವ ಅವಕಾಶವಿರುವುದುಂಟು. ಇದು ಬಾಜಿ. ಎಷ್ಟೋ ಕಡೆ ಕಾನೂನಿನ ತೊಡಕೂ ಇದೆ. ಪ್ರಯಾಣದ ದುಡ್ಡಿನಿಂದ ಇದಕ್ಕೆ ಒಂದು ಪೈಸೆಯೂ ಹೋಗಬಾರದು. ಸೋತ ಮೇಲೆ ದುಡ್ಡಿಟ್ಟು ಆಡುವ ಮ್ಯಾಚ್‌ಗಳಿಗೂ ಇದೇ ಮಾತು.

ಟಿಕೆಟ್ ಮೊದಲೇ ಮಾಡಿಸಿದರೆ ಅಗ್ಗ. ಆದರೆ ವಾಪಸ್ ಬರುವ ದಿನವೇ ಗೊತ್ತಿಲ್ಲವಲ್ಲ?

ಹೋಗುವ ಟಿಕೆಟ್ ಬೇಗ ಮಾಡಿಸಿ, ಅಗ್ಗದ್ದೇ ಇರಲಿ. ಅದರಲ್ಲಿ ಅನುಮಾನವಿಲ್ಲ. ವಾಪಸ್ ಟಿಕೆಟ್‌ಗೆ ಎರಡು ದಾರಿ. ಟೂರ್ನಿ ಮುಗಿದ ಮರುದಿನಕ್ಕೆ ಅಗ್ಗದ ಟಿಕೆಟ್ ಮಾಡಿಸಿ, ಬೇಗ ಸೋತರೂ ಇದ್ದು ಮ್ಯಾಚ್ ನೋಡಿ ಬರುವುದು ಒಂದು. ದಿನ ಬದಲಿಸಲು ಬರುವ ಟಿಕೆಟ್‌ಗೆ ಸ್ವಲ್ಪ ಹೆಚ್ಚು ಕೊಡುವುದು ಇನ್ನೊಂದು. ಯಾವುದು ಲಾಭ ಅನ್ನುವುದಕ್ಕೆ ಸುಲಭದ ಅಳತೆ ಇದೆ: ಬದಲಿಸುವ ಟಿಕೆಟ್‌ನ ಹೆಚ್ಚುವರಿ ಬೆಲೆಯನ್ನು ಒಂದು ರಾತ್ರಿಯ ರೂಮು ಮತ್ತು ಒಂದು ದಿನದ ಊಟದ ಖರ್ಚಿನ ಜೊತೆ ಹೋಲಿಸಿ. ಹೆಚ್ಚುವರಿ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ ಬದಲಿಸುವ ಟಿಕೆಟ್, ಇಲ್ಲದಿದ್ದರೆ ಅಗ್ಗದ್ದು. ಫೈನಲ್ ದಿನ ಸಂಜೆಗೆ ವಾಪಸ್ ಟಿಕೆಟ್ ಮಾಡಿಸುವುದು ಮಾತ್ರ ಬೇಡ. ಪೂಲ್ ಟೂರ್ನಿ ಹೇಳಿದ ಹೊತ್ತಿಗೆ ಮುಗಿಯುವುದು ಅಪರೂಪ.

ರೂಮಿನದೂ ಹೀಗೇ. ಹಿಂದಿನ ದಿನದವರೆಗೆ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ದರದಲ್ಲಿ, ಕೊನೆಯ ದಿನದವರೆಗೆ ಕಾದಿರಿಸಿ. ರದ್ದು ಮಾಡಲು ಕೊನೆಯ ಗಳಿಗೆ ಎಷ್ಟು ಹೊತ್ತು ಅನ್ನುವುದನ್ನು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಎಷ್ಟೋ ಕಡೆ ಅದು ಮಧ್ಯಾಹ್ನವೇ ಮುಗಿದುಹೋಗುತ್ತದೆ, ನಿಮ್ಮ ಎರಡನೇ ಸೋಲು ಸಂಜೆ ಆಗುತ್ತದೆ.

ಸ್ವಂತ ಕಾರಿನಲ್ಲಿ ಹೋದರೆ ಉಳಿತಾಯವಲ್ಲವೆ?

ಮೂರು ನಾಲ್ಕು ಜನ ಸೇರಿ ಹೋದರೆ ಹೌದು. ಒಬ್ಬರೇ ಹೋದರೆ ಬಹುತೇಕ ಇಲ್ಲ. ಇಂಧನದ ಖರ್ಚನ್ನಷ್ಟೇ ಲೆಕ್ಕ ಹಿಡಿದು ಟೋಲ್, ಪಾರ್ಕಿಂಗ್, ಟೈರಿನ ಸವೆತ ಎಲ್ಲ ಮರೆಯುತ್ತಾರೆ. ಕಾರಿನ ಲಾಭ ಬೇರೆಯದೇ ಇದೆ: ವಾಪಸ್ ಹೊರಡುವ ಹೊತ್ತು ನಿಮ್ಮ ಕೈಯಲ್ಲಿರುತ್ತದೆ, ಲಗೇಜಿಗೆ ದುಡ್ಡಿಲ್ಲ. ಆದರೆ ನಡುರಾತ್ರಿ ಸೋತು, ಒಂದು ರಾತ್ರಿಯ ರೂಮು ಉಳಿಸಲು ಆಗಲೇ ಸ್ಟಿಯರಿಂಗ್ ಹಿಡಿದು ಕೂರುವುದಿದೆಯಲ್ಲ, ಅದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಹದಿನಾಲ್ಕು ಗಂಟೆ ಟೇಬಲ್ ಸುತ್ತ ನಡೆದ ಕಣ್ಣಿಗೆ ರಾತ್ರಿಯ ರಸ್ತೆ ಕಾಣುವುದಿಲ್ಲ. ಆ ಒಂದು ರಾತ್ರಿಯ ರೂಮನ್ನು ಬಜೆಟ್‌ನಲ್ಲಿ ಮುಟ್ಟಲಾಗದ ಬಾಬತ್ತು ಎಂದು ಬರೆದಿಡಿ.

ವಿಮಾನದಲ್ಲಿ ಕ್ಯೂ (ಆಡುವ ಕೋಲು) ಒಯ್ಯಲು ಎಷ್ಟು ಖರ್ಚು?

ಕೈಚೀಲದ ಜೊತೆ ಕ್ಯಾಬಿನ್‌ಗೆ ಒಯ್ಯಬಹುದು ಎಂದು ನಂಬಬೇಡಿ. ಅಮೆರಿಕದಲ್ಲಿ ವಿಮಾನ ನಿಲ್ದಾಣಗಳ ಭದ್ರತೆ ನೋಡಿಕೊಳ್ಳುವ ಟಿಎಸ್‌ಎ ನಿಯಮದಲ್ಲಿ ಪೂಲ್ ಕ್ಯೂ ಕ್ಯಾಬಿನ್‌ಗೆ ನಿಷಿದ್ಧ. ಚೆಕ್ ಇನ್ ಲಗೇಜಿನಲ್ಲೇ ಹೋಗಬೇಕು. ಹಾಗಾಗಿ ಲಗೇಜು ಇಲ್ಲದ ಅತಿ ಅಗ್ಗದ ಟಿಕೆಟ್ ನೋಡಿ ಖುಷಿಪಡುವ ಮೊದಲು, ಹೋಗುವಾಗ ಬರುವಾಗ ಎರಡೂ ಕಡೆಯ ಲಗೇಜು ಶುಲ್ಕ ಸೇರಿಸಿ ಹೋಲಿಸಿ. ಅದನ್ನು ಟಿಕೆಟ್ ಮಾಡಿಸುವಾಗಲೇ ಕಟ್ಟಿದರೆ ಸಾಮಾನ್ಯವಾಗಿ ಕೌಂಟರಿನಲ್ಲಿ ಕಟ್ಟುವುದಕ್ಕಿಂತ ಅಗ್ಗ.

ಎರಡು ತುಂಡಿನ ಕ್ಯೂ ಜೋಡಿಸಿದಾಗ ಸುಮಾರು 58 ಇಂಚು, ಬಿಚ್ಚಿದರೆ ತಲಾ 29 ಇಂಚು. ದೊಡ್ಡ ಗಟ್ಟಿ ಸೂಟ್‌ಕೇಸಿನಲ್ಲಿ ಅಡ್ಡ ಮೂಲೆಯಿಂದ ಮೂಲೆಗೆ ಇಟ್ಟರೆ ಹಿಡಿಯುತ್ತದೆ. ಮೆತ್ತನೆಯ ಬಟ್ಟೆ ಸುತ್ತಿ, ಜಾಯಿಂಟ್‌ಗೆ ಪ್ರೊಟೆಕ್ಟರ್ ಹಾಕಿ, ಬಟ್ಟೆಗಳ ನಡುವೆ ಇಡಿ. ಹೀಗೆ ಮಾಡಿದರೆ ಕ್ಯೂ ಕೇಸಿಗೆ ಪ್ರತ್ಯೇಕ ಲಗೇಜು ಶುಲ್ಕ ಬೀಳುವುದಿಲ್ಲ. ಚಾಕ್, ಗ್ಲೌಸ್, ಟಿಪ್ (ಕ್ಯೂ ತುದಿಯ ತುಣುಕು) ತಿದ್ದುವ ಸಾಮಾನು, ಆಡುವ ದಿನದ ಶರ್ಟು ಮಾತ್ರ ಕೈಚೀಲದಲ್ಲಿರಲಿ. ಟಿಪ್ ತಿದ್ದುವ ಸಾಮಾನಿನಲ್ಲಿ ಬ್ಲೇಡ್ ಇದ್ದರೆ ಅದೂ ಕೆಳಗೇ ಹೋಗಬೇಕು.

ಕ್ಯೂ ಕಳೆದುಹೋದರೆ ಏನಾಗುತ್ತದೆ ಎಂದೂ ತಿಳಿದಿರಬೇಕು. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ ಲಗೇಜಿಗೆ ವಿಮಾನ ಕಂಪನಿಯ ಹೊಣೆಗೆ ಮಿತಿ ಇದೆ. 2024ರ ಡಿಸೆಂಬರ್ 28ರಿಂದ ಅದು ಪ್ರಯಾಣಿಕರಿಗೆ ತಲಾ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ). ನಿಮ್ಮ ಕ್ಯೂ, ಬ್ರೇಕ್ ಕ್ಯೂ, ಕಾರ್ಬನ್ ಶಾಫ್ಟ್, ಕೇಸ್ ಎಲ್ಲ ಸೇರಿ ಅದಕ್ಕಿಂತ ಬೆಲೆಬಾಳುವಂತಿದ್ದರೆ ಪ್ರತ್ಯೇಕ ವಿಮೆಯ ಖರ್ಚು ಬಜೆಟ್‌ಗೆ ಸೇರಲಿ. ರಸೀದಿ, ಫೋಟೋ ಇಟ್ಟುಕೊಳ್ಳಿ.

ಟೂರ್ನಿ ನಡೆಯುವ ಹೋಟೆಲ್‌ನಲ್ಲೇ ಉಳಿಯಬೇಕೆ?

ದುಬಾರಿಯಾದರೂ ಒಮ್ಮೊಮ್ಮೆ ಅದೇ ಅಗ್ಗ. ಎರಡು ಮ್ಯಾಚ್ ನಡುವೆ ನಾಲ್ಕು ಗಂಟೆ ಬಿಡುವು ಸಿಕ್ಕಿತು ಎನ್ನಿ. ಮೇಲಿನ ಮಹಡಿಯಲ್ಲಿ ರೂಮು ಇದ್ದರೆ ಹೋಗಿ ಮಲಗಿ ಬರುತ್ತೀರಿ. ದೂರದ ರೂಮಾದರೆ ಹಾಲಿನ ಕುರ್ಚಿಯಲ್ಲೇ ಕೂತು ಸುಸ್ತಾಗುತ್ತೀರಿ, ಇಲ್ಲವೇ ಟ್ಯಾಕ್ಸಿಗೆ ಎರಡು ಸಲ ಕೊಡುತ್ತೀರಿ. ದೂರದ ರೂಮಿನ ಬಾಡಿಗೆಗೆ ದಿನಕ್ಕೆ ನಾಲ್ಕು ಓಡಾಟದ ಖರ್ಚು ಸೇರಿಸಿ ನೋಡಿ, ವ್ಯತ್ಯಾಸ ಎಷ್ಟು ಉಳಿಯುತ್ತದೆ ಎಂದು. ನಡೆದು ಹೋಗುವಷ್ಟು ದೂರದಲ್ಲಿ ಸಾಧಾರಣ ರೂಮು ಸಿಕ್ಕರೆ ನನ್ನ ಆಯ್ಕೆ ಯಾವಾಗಲೂ ಅದೇ. ಆಯೋಜಕರ ಮೂಲಕ ಕಾದಿರಿಸಿದರೆ ಆಟಗಾರರಿಗೆ ರಿಯಾಯಿತಿ ದರ ಇರುವುದುಂಟು, ಅದಕ್ಕೆ ಕೊನೆಯ ದಿನಾಂಕವೂ ಇರುತ್ತದೆ.

ಚೆಕ್‌ಔಟ್ ಹೊತ್ತನ್ನು ಗಮನಿಸಿ. ಬೆಳಿಗ್ಗೆ 11ಕ್ಕೆ ರೂಮು ಬಿಡಬೇಕು, ಮ್ಯಾಚ್ 12ಕ್ಕೆ ಎಂದಾದರೆ ಸಾಮಾನೆಲ್ಲ ಹೊತ್ತು ಹಾಲಿಗೆ ಬರಬೇಕಾಗುತ್ತದೆ. ತಡವಾಗಿ ಬಿಡಲು ಕೇಳುವ ಶುಲ್ಕ ಎಷ್ಟೆಂದು ಮೊದಲ ದಿನವೇ ವಿಚಾರಿಸಿ.

ರೂಮು ಹಂಚಿಕೊಳ್ಳುವಾಗ ಏನು ಮಾತಾಡಿಕೊಳ್ಳಬೇಕು?

ಮೊದಲೇ ಮಾತಾಡಬೇಕಾದ್ದು ಒಂದೇ: ಒಬ್ಬರು ಬೇಗ ಸೋತು ಹೊರಟರೆ ಉಳಿದ ರಾತ್ರಿಗಳ ಬಾಡಿಗೆ ಯಾರದು? ಇದನ್ನು ಮಾತಾಡದೆ ಹೋಗಿ ಸ್ನೇಹ ಕೆಡಿಸಿಕೊಂಡವರಿದ್ದಾರೆ. ಕಾದಿರಿಸಿದ ರಾತ್ರಿಗಳಿಗೆಲ್ಲ ಸಮಪಾಲು, ಇದ್ದರೂ ಇರದಿದ್ದರೂ, ಅನ್ನುವ ಒಪ್ಪಂದ ನನಗೆ ನ್ಯಾಯ ಅನಿಸುತ್ತದೆ. ಗೆಲ್ಲುತ್ತಿರುವವರ ಮೇಲೆ ಇಡೀ ಬಾಡಿಗೆ ಬೀಳುವುದು ಸರಿಯಲ್ಲ. ಇನ್ನೊಂದು, ಸೋತವರು ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಮರುದಿನ ಆಡುವವರ ನಿದ್ದೆ ಕೆಡಿಸಬಾರದು. ಒಂದೇ ರೂಮಿನಲ್ಲಿ ಆರು ಜನ ತುಂಬಿಕೊಂಡು ಉಳಿಸಿದ ದುಡ್ಡು ಮರುದಿನ ಟೇಬಲ್ ಮೇಲೆ ಹೋಗುತ್ತದೆ. ಇಬ್ಬರು ಸರಿ, ಮೂವರು ಹೇಗೋ ಆದೀತು.

ಒಂದು ದಿನ ಮೊದಲೇ ಹೋಗುವುದು ದುಂದಲ್ಲವೆ?

ದೂರದ ಊರಾದರೆ ಅಲ್ಲ. ಉಳಿದೆಲ್ಲ ಕಡೆ ಕೈ ಬಿಗಿ ಹಿಡಿಯಿರಿ ಎನ್ನುವ ನಾನೇ ಈ ಒಂದು ರಾತ್ರಿಗೆ ದುಡ್ಡು ಬಿಚ್ಚಿ ಎನ್ನುತ್ತೇನೆ. ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ನೇರ ಟೇಬಲ್‌ಗೆ ಬಂದವರ ಮೊದಲ ಮ್ಯಾಚ್ ನೋಡಿ: ಬ್ರೇಕ್‌ನಲ್ಲಿ ವೈಟ್ (ಕ್ಯೂನಿಂದ ಹೊಡೆಯುವ ಬಿಳಿ ಬಾಲ್) ಹಿಡಿತಕ್ಕೆ ಬರುವುದಿಲ್ಲ, ಕುಶನ್ ಎಷ್ಟು ಉದ್ದ ಕೊಡುತ್ತದೆ ಅನ್ನುವುದು ತಿಳಿಯುವಷ್ಟರಲ್ಲಿ ಸ್ಕೋರು 4–0. ನಿಮ್ಮ ಕ್ಲಬ್ಬಿನಲ್ಲಿ 7 ಅಡಿ ಟೇಬಲ್ ಇದ್ದು, ಟೂರ್ನಿ 9 ಅಡಿಯದರ ಮೇಲೆ ಇದ್ದರೆ ಈ ಮಾತು ಇನ್ನೂ ನಿಜ. 9 ಅಡಿ ಟೇಬಲ್‌ನ ಆಡುವ ಜಾಗವೇ 100 ಇಂಚು ಉದ್ದ, 50 ಇಂಚು ಅಗಲ. ಹೊಸ ಬಟ್ಟೆ ಹಾಕಿದ್ದರೆ ಬಾಲ್ ಇನ್ನೂ ಜಾರುತ್ತದೆ. ಹಿಂದಿನ ಸಂಜೆ ಅದರ ಮೇಲೆ ಒಂದೆರಡು ಗಂಟೆ ಆಡಿ ಮಲಗಿದರೆ ಮೊದಲ ಮ್ಯಾಚ್ ನಿಜವಾದ ಮ್ಯಾಚ್ ಆಗುತ್ತದೆ. 7 ಪಾಲು ಖರ್ಚು ಮಾಡಿ ಬಂದು, ಅರ್ಧ ಪಾಲು ಉಳಿಸಲು ಹೋಗಿ ಎರಡು ಮ್ಯಾಚಿಗೇ ಹೊರಬೀಳುವುದು ಯಾವ ಲೆಕ್ಕದಲ್ಲೂ ಉಳಿತಾಯ ಅಲ್ಲ.

ಊಟಕ್ಕೆ ಎಷ್ಟು ಇಟ್ಟುಕೊಳ್ಳಬೇಕು?

ಮನೆಯಲ್ಲಿ ದಿನಕ್ಕೆ ಆಗುವುದರ ಎರಡು ಮೂರು ಪಟ್ಟು. ಟೂರ್ನಿ ಹಾಲಿನೊಳಗೆ ಸಿಗುವುದೆಲ್ಲ ದುಬಾರಿ, ಮತ್ತು ನಿಮ್ಮ ಹೆಸರು ಯಾವಾಗ ಕೂಗುತ್ತಾರೋ ಗೊತ್ತಿಲ್ಲದ್ದರಿಂದ ಹೊರಗೆ ಹೋಗಲು ಆಗುವುದಿಲ್ಲ. ನೀರಿನ ಬಾಟಲಿ, ಕೆಡದ ತಿಂಡಿ ಚೀಲದಲ್ಲಿರಲಿ. ರೂಮಿನಲ್ಲಿ ಫ್ರಿಜ್ ಇದ್ದರೆ ಇನ್ನೂ ಒಳ್ಳೆಯದು.

ಕೆಲಸಕ್ಕೆ ಹಾಕುವ ರಜೆಯನ್ನೂ ಖರ್ಚಿಗೆ ಸೇರಿಸಬೇಕೆ?

ಸಂಬಳ ಕಡಿತವಾಗುವುದಾದರೆ ಖಂಡಿತ ಸೇರಿಸಿ. ದಿನಗೂಲಿಯವರಿಗೆ, ಸ್ವಂತ ಅಂಗಡಿಯವರಿಗೆ ಇದು ಟಿಕೆಟ್‌ಗಿಂತ ದೊಡ್ಡ ಬಾಬತ್ತಾಗಬಹುದು. ಸಂಬಳದ ರಜೆ ಇದ್ದವರಿಗೂ ಅದು ವರ್ಷಕ್ಕೆ ಇಷ್ಟೇ ಎಂದು ಇರುತ್ತದೆ. ಮನೆಯವರ ಜೊತೆ ಕಳೆಯಬೇಕಾದ ರಜೆಯನ್ನು ಟೂರ್ನಿಗೆ ಬಳಸುವಾಗ ಅವರನ್ನು ಕೇಳಿಯೇ ಬಳಸಿ.

ಯಾರಾದರೂ ಖರ್ಚು ಕೊಟ್ಟು ಕಳಿಸುತ್ತೇನೆ ಎಂದರೆ ಒಪ್ಪಬಹುದೆ?

ಒಪ್ಪಬಹುದು, ಆದರೆ ಒಂದು ಹಾಳೆಯಲ್ಲಿ ಬರೆದುಕೊಂಡು. ‘ಗೆದ್ದರೆ ಅರ್ಧರ್ಧ’ ಎನ್ನುವ ಬಾಯಿಮಾತಿಗೆ ಎರಡು ಅರ್ಥವಿದೆ. ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅವರು 7 ಪಾಲು ಹಾಕಿದರು, ನೀವು ಮೂರನೇ ಸ್ಥಾನ ಬಂದು 9 ಪಾಲು ಗೆದ್ದಿರಿ. ಮೊದಲು ಖರ್ಚು ತೆಗೆದು ಉಳಿದದ್ದರಲ್ಲಿ ಅರ್ಧ ಎಂದಾದರೆ ಅವರಿಗೆ 8, ನಿಮಗೆ 1. ಬಹುಮಾನದ ಮೊತ್ತದಲ್ಲೇ ಅರ್ಧ ಎಂದಾದರೆ ತಲಾ 4.5, ದುಡ್ಡು ಹಾಕಿದವರಿಗೆ ನಷ್ಟ. ಎರಡೂ ಚಾಲ್ತಿಯಲ್ಲಿರುವ ಒಪ್ಪಂದಗಳೇ, ಮೊದಲನೆಯದೇ ಹೆಚ್ಚು. ಯಾವುದು ನಿಮ್ಮದು ಎಂದು ಹೊರಡುವ ಮೊದಲೇ ತಿಳಿದಿರಬೇಕು. ಗೆಲ್ಲದಿದ್ದರೆ ಈ ಸಲದ ಖರ್ಚನ್ನು ಮುಂದಿನ ಸಲದ ಬಹುಮಾನದಿಂದ ಮುರಿದುಕೊಳ್ಳುತ್ತಾರೋ ಇಲ್ಲವೋ ಅನ್ನುವುದನ್ನೂ ಬರೆಯಿಸಿ. ಅದನ್ನು ಬರೆಯದಿದ್ದರೆ ಸಾಲ ನಿಮಗೇ ಗೊತ್ತಿಲ್ಲದೆ ಬೆಳೆಯುತ್ತದೆ.

ಸಾಲ ಮಾಡಿ, ಕ್ರೆಡಿಟ್ ಕಾರ್ಡ್ ಬಾಕಿ ಇಟ್ಟು ಟೂರ್ನಿಗೆ ಹೋಗುವ ವಿಚಾರ ಕೇಳುವವರಿಗೆ ನನ್ನದು ಒಂದೇ ಉತ್ತರ: ಬೇಡ.

ಲೀಗ್ ತಂಡವಾಗಿ ಹೋಗುವಾಗ?

ಕೆಲವು ಲೀಗ್‌ಗಳು ಪ್ರಯಾಣಕ್ಕೆ ನೆರವು ಕೊಡುತ್ತವೆ. ಅಮೆರಿಕದ ಎಪಿಎ (ಅಮೆರಿಕನ್ ಪೂಲ್‌ಪ್ಲೇಯರ್ಸ್ ಅಸೋಸಿಯೇಷನ್) ಲೀಗ್‌ನಲ್ಲಿ ಸ್ಥಳೀಯವಾಗಿ ಗೆದ್ದು ಲಾಸ್ ವೇಗಸ್‌ನ ಚಾಂಪಿಯನ್‌ಷಿಪ್‌ಗೆ ಹೋಗುವ ತಂಡಗಳಿಗೆ ಅಂಥ ನೆರವಿದೆ. ನಿಮ್ಮ ಲೀಗ್‌ನಲ್ಲಿ ಏನಿದೆ ಎಂದು ಸೀಸನ್ ಶುರುವಿನಲ್ಲೇ ಕೇಳಿ. ನೆರವು ಇಲ್ಲದಿದ್ದರೆ ವಾರವಾರ ಪ್ರತಿಯೊಬ್ಬರಿಂದ ಸಣ್ಣ ಮೊತ್ತ ಕೂಡಿಸಿ ತಂಡದ ಗಂಟು ಮಾಡಿ. ಗೆದ್ದ ಮೇಲೆ ಒಂದೇ ಸಲ ದೊಡ್ಡ ಮೊತ್ತ ಕೇಳಿದರೆ ಇಬ್ಬರು ಹಿಂದೆ ಸರಿಯುತ್ತಾರೆ, ತಂಡ ಒಡೆಯುತ್ತದೆ.

ಎಂಟು ಜನರ ತಂಡದಲ್ಲಿ ಒಂದು ಮ್ಯಾಚಿಗೆ ಐವರೇ ಆಡುವ ಮಾದರಿ ಇದ್ದರೆ ಇನ್ನೊಂದು ತಕರಾರು ಬರುತ್ತದೆ: ಕಡಿಮೆ ಆಡಿದವರು ಕಡಿಮೆ ಕೊಡಬೇಕೆ? ಬೇಡ. ಎಲ್ಲರೂ ಬಂದದ್ದು ತಂಡಕ್ಕಾಗಿ, ಖರ್ಚೂ ಸಮ, ಬಹುಮಾನವೂ ಸಮ. ದುಡ್ಡು ಒಬ್ಬರ ಕೈಯಲ್ಲಿರಲಿ, ಲೆಕ್ಕ ಇನ್ನೊಬ್ಬರ ಕೈಯಲ್ಲಿರಲಿ.

ವಿದೇಶದ ಟೂರ್ನಿಗೆ ಹೆಚ್ಚಿಗೆ ಏನೇನು?

ವೀಸಾ ಶುಲ್ಕ, ಪ್ರಯಾಣ ವಿಮೆ, ಹಣ ಬದಲಿಸುವಾಗ ಮತ್ತು ಕಾರ್ಡ್ ಉಜ್ಜುವಾಗ ಬೀಳುವ ಕಮಿಷನ್. ವೀಸಾ ತಿರಸ್ಕೃತವಾದರೆ ಆ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಆದ್ದರಿಂದ ವೀಸಾ ಕೈಗೆ ಬರುವ ಮೊದಲು ರದ್ದು ಮಾಡಲಾಗದ ಟಿಕೆಟ್ ಕೊಳ್ಳಬೇಡಿ. ಎಂಟ್ರಿ ಫೀ ವಾಪಸ್ ಕೊಡುವ ಕೊನೆಯ ದಿನವನ್ನೂ ನೋಡಿಕೊಳ್ಳಿ. ಬಹುಮಾನ ಬಂದರೆ ತೆರಿಗೆ ಮುರಿಯುತ್ತಾರೆ. ಅಮೆರಿಕದಲ್ಲಿ ಅಲ್ಲಿನ ನಿವಾಸಿಗಳಲ್ಲದ ವಿದೇಶಿಯರ ಬಹುಮಾನದಿಂದ ಸಾಮಾನ್ಯವಾಗಿ 30% ಕಡಿತವಾಗುತ್ತದೆ, ಎರಡು ದೇಶಗಳ ನಡುವೆ ಒಪ್ಪಂದವಿದ್ದರೆ ಬದಲಾಗಬಹುದು. ಪ್ರಕಟಣೆಯಲ್ಲಿ ಕಾಣುವ ಮೊತ್ತ ಕೈಗೆ ಬರುವ ಮೊತ್ತವಲ್ಲ.

ವರ್ಷಕ್ಕೆ ಎಷ್ಟು ಟೂರ್ನಿಗೆ ಹೋಗಬಹುದು?

ವರ್ಷಕ್ಕೆ ಪೂಲ್‌ಗೆ ಎಷ್ಟು ದುಡ್ಡು ಕಳೆದುಹೋದರೂ ಮನೆ ನಡೆಯುತ್ತದೆ ಎನ್ನುವುದನ್ನು ಮೊದಲು ನಿಗದಿ ಮಾಡಿ. ಅದರಲ್ಲಿ ಒಂದು ಭಾಗವನ್ನು ತುರ್ತಿಗೆ ಎತ್ತಿಡಿ: ಟಿಪ್ ಹಾರಿಹೋಗುತ್ತದೆ, ರೈಲು ತಪ್ಪುತ್ತದೆ, ಜ್ವರ ಬರುತ್ತದೆ. ಉಳಿದದ್ದನ್ನು ಒಂದು ಟೂರ್ನಿಯ ಪೂರ್ತಿ ಖರ್ಚಿನಿಂದ ಭಾಗಿಸಿ. ಉತ್ತರ ಚಿಕ್ಕದಾಗಿ ಬಂದರೆ ದೂರದ ದೊಡ್ಡ ಟೂರ್ನಿ ಒಂದೇ ಇಟ್ಟುಕೊಂಡು, ಅದೇ ದಿನ ಹೋಗಿ ಬರುವಷ್ಟು ಹತ್ತಿರದವುಗಳನ್ನು ಹೆಚ್ಚು ಆಡಿ. ರಾತ್ರಿ ಉಳಿಯಬೇಕಿಲ್ಲದ ಟೂರ್ನಿಯಲ್ಲಿ ಒಂದು ಮ್ಯಾಚಿಗೆ ಬೀಳುವ ಖರ್ಚು ಬಹಳ ಕಡಿಮೆ.

ಪ್ರತಿ ಟೂರ್ನಿ ಮುಗಿದ ಮೇಲೆ ಒಟ್ಟು ಖರ್ಚನ್ನು ಆಡಿದ ಮ್ಯಾಚ್‌ಗಳಿಂದ ಭಾಗಿಸಿ ಬರೆದಿಡುವ ಅಭ್ಯಾಸ ಇಟ್ಟುಕೊಳ್ಳಿ. ದಿನಾಂಕ, ಊರು, ಮ್ಯಾಚ್ ಎಷ್ಟು, ಪ್ರಯಾಣ, ರೂಮು, ಊಟ, ಎಂಟ್ರಿ, ಇತರೆ, ಬಹುಮಾನ. ಒಂದು ಸೀಸನ್ ಬರೆದರೆ ಯಾವ ಟೂರ್ನಿ ನಿಮಗೆ ತಕ್ಕದ್ದು ಅನ್ನುವುದು ಆ ಪುಟದಲ್ಲೇ ಕಾಣುತ್ತದೆ. ‘ಇತರೆ’ ಕಾಲಂ ಉಬ್ಬುತ್ತಿದ್ದರೆ ಅದನ್ನು ಬಿಡಿಸಿ ನೋಡಿ, ಸೋತ ರಾತ್ರಿಯ ಖರ್ಚುಗಳು ಅಲ್ಲೇ ಅಡಗಿರುತ್ತವೆ.

ಬೇಗ ಸೋತರೆ ಉಳಿದ ದಿನ ಏನು ಮಾಡಬೇಕು?

ರೂಮು ರದ್ದು ಮಾಡಲು ಹೊತ್ತು ಇದೆಯೇ, ಟಿಕೆಟ್ ಬದಲಾಗುತ್ತದೆಯೇ ನೋಡಿ. ಎರಡೂ ಆಗುವುದಾದರೆ ಮತ್ತು ಮನೆಯಲ್ಲಿ ಕೆಲಸವಿದ್ದರೆ ಹೊರಡಿ. ಆಗದಿದ್ದರೆ ಆ ದುಡ್ಡು ಹೇಗೂ ಹೋಗಿದೆ, ಇರುವ ದಿನಗಳನ್ನು ಪೂರ್ತಿ ಬಳಸಿಕೊಳ್ಳಿ. ಬೆಳಿಗ್ಗೆ ಪ್ರಾಕ್ಟೀಸ್ ಟೇಬಲ್ ಖಾಲಿ ಇರುತ್ತದೆ. ನಿಮ್ಮನ್ನು ಸೋಲಿಸಿದವರ ಮುಂದಿನ ಮ್ಯಾಚ್ ನೋಡಿ, ಅವರು ಮೂರನೇ ಬಾಲ್‌ನಿಂದ ನಾಲ್ಕನೆಯದಕ್ಕೆ ವೈಟ್ ಹೇಗೆ ತರುತ್ತಾರೆ, ಕಷ್ಟ ಬಂದಾಗ ಸೇಫ್ಟಿ (ಎದುರಾಳಿಗೆ ಸುಲಭದ ಹೊಡೆತ ಸಿಗದ ಹಾಗೆ ಆಡುವುದು) ಎಲ್ಲಿ ಆಡುತ್ತಾರೆ ಗಮನಿಸಿ. ಬಿಡುವಿದ್ದಾಗ ಹೋಗಿ ಮಾತಾಡಿಸಿ. ಹೆಚ್ಚಿನವರು ಖುಷಿಯಿಂದ ಹೇಳಿಕೊಡುತ್ತಾರೆ. ಮುಂದಿನ ಟೂರ್ನಿಗೆ ರೂಮು ಹಂಚಿಕೊಳ್ಳುವವರು, ಕಾರಿನಲ್ಲಿ ಜೊತೆಗೆ ಬರುವವರು ಸಿಗುವುದೂ ಆ ಕುರ್ಚಿಗಳ ಸಾಲಿನಲ್ಲೇ. ಅವರ ನಂಬರು ತೆಗೆದುಕೊಂಡು ಬನ್ನಿ.